ತರಬೇತಿಗೆ ಬೆಂಗಳೂರಿಗೆ ಹೊರಡುವ ಮುನ್ನ

ಕೃಷಿ ವಿಶ್ವವಿದ್ಯಾನಿಲಯದ ತರಬೇತಿಗೆ ಆಯ್ಕೆಯಾದ ಪತ್ರ ಕೈಸೇರಿದ ಕೂಡಲೆ ರೈತ ಬಾಂಧವರು ಯೋಚಿಸುವುದು ಅಲ್ಲಿ ಏನು ಹೇಳಿಕೊಡುತ್ತಾರೆ ಎಂಬುದನ್ನು. ಹೇಗೆ ತಲುಪಬೇಕು, ಜೊತೆಯಲ್ಲಿ ಏನು ಒಯ್ಯಬೇಕು ಎಂಬುದು ಅನೇಕರಿಗೆ ಬಸ್ಸು ಹತ್ತಿದ ಮೇಲೆ ನೆನಪಾಗುತ್ತದೆ. ಇದು ಸಣ್ಣ ವಿಷಯವಲ್ಲ. ಮೂರು ದಿನಗಳ ತರಬೇತಿಯಲ್ಲಿ ಮೊದಲನೆಯ ಬೆಳಿಗ್ಗೆ ತಪ್ಪಿದರೆ ಆರರಲ್ಲಿ ಒಂದು ಪಾಲು ಹೋದಂತೆ. ಊರಿನಲ್ಲಿ ಆಳಿಗೆ ಕೂಲಿ ಕೊಟ್ಟು, ಹಾಲು ಕರೆಯಲು ನೆರೆಯವರನ್ನು ಒಪ್ಪಿಸಿ ಬಂದವರಿಗೆ ಆ ಅರ್ಧ ದಿನದ ಬೆಲೆ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ಎಲ್ಲರೂ ಜಿಕೆವಿಕೆ ಎಂದು ಕರೆಯುವ ಆವರಣಕ್ಕೆ ತರಬೇತಿಗೆಂದು ಬರುವವರಿಗೆ ಅನುಕೂಲವಾಗಲೆಂದು ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಹೆಬ್ಬಾಳವೋ ಜಿಕೆವಿಕೆಯೋ?

ಹೊಸದಾಗಿ ಬರುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ವಿಶ್ವವಿದ್ಯಾನಿಲಯಕ್ಕೆ ಬೆಂಗಳೂರಿನ ಉತ್ತರ ಭಾಗದಲ್ಲಿ, ಒಂದೇ ಬಳ್ಳಾರಿ ರಸ್ತೆಯಲ್ಲಿ, ಎರಡು ಆವರಣಗಳಿವೆ. ಹೆಬ್ಬಾಳದ್ದು ಹಳೆಯದು. 1899ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಪ್ರಯೋಗ ಕ್ಷೇತ್ರವಾಗಿ ಆರಂಭವಾದ ಈ ಜಾಗದಲ್ಲಿ 1913ರಲ್ಲಿ ವ್ಯವಸಾಯ ಶಾಲೆಯೂ 1946ರಲ್ಲಿ ವ್ಯವಸಾಯ ಕಾಲೇಜೂ ಪ್ರಾರಂಭವಾದವು. 1964ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಮುಂದೆ ಯಲಹಂಕದ ಕಡೆಗೆ ವಿಶಾಲವಾದ ಜಿಕೆವಿಕೆ ಆವರಣ ಬೆಳೆಯಿತು. ಹಿರಿಯರು ಇಂದಿಗೂ ‘ಹೆಬ್ಬಾಳದ ಕಾಲೇಜು’ ಎಂದೇ ಹೇಳುವುದರಿಂದ, ಜಿಕೆವಿಕೆಯಲ್ಲಿ ತರಬೇತಿ ಇರುವವರು ಹೆಬ್ಬಾಳದಲ್ಲಿ ಇಳಿದು ಚೀಲ ಹೊತ್ತು ಅಲೆಯುವುದು ಆಗಾಗ ಕಂಡುಬರುತ್ತದೆ. ಎರಡರ ನಡುವೆ ಹಲವು ಕಿಲೋಮೀಟರುಗಳ ಅಂತರವಿದ್ದು ನಡೆದು ಹೋಗುವಂತಿಲ್ಲ.

ಇದಕ್ಕೆ ಸುಲಭವಾದ ಉಪಾಯವುಂಟು. ನಿಮಗೆ ಬಂದ ಪತ್ರದಲ್ಲಿ ತರಬೇತಿ ನಡೆಯುವ ಸ್ಥಳದ ಪಿನ್ ಸಂಖ್ಯೆಯನ್ನು ನೋಡಿರಿ. 560 065 ಎಂದಿದ್ದರೆ ಜಿಕೆವಿಕೆ, 560 024 ಎಂದಿದ್ದರೆ ಹೆಬ್ಬಾಳ. ಪತ್ರದ ತಲೆಬರಹದಲ್ಲಿರುವುದು ಪತ್ರ ಕಳುಹಿಸಿದ ಕಚೇರಿಯ ವಿಳಾಸ. ತರಬೇತಿ ಬೇರೆ ಕಡೆ ಇರಬಹುದು. ಆದುದರಿಂದ ಒಳಗಿನ ಒಕ್ಕಣೆಯನ್ನು ಪೂರ್ತಿ ಓದಬೇಕು. ಅನುಮಾನವಿದ್ದರೆ ಪತ್ರದಲ್ಲಿರುವ ದೂರವಾಣಿಗೆ ಎರಡು ದಿನ ಮುಂಚೆಯೇ ಕರೆ ಮಾಡಿ, ಸ್ಥಳ, ವರದಿಯಾಗಬೇಕಾದ ವೇಳೆ ಮತ್ತು ಹಿಂದಿನ ರಾತ್ರಿ ತಂಗಲು ಏರ್ಪಾಡು ಉಂಟೇ ಎಂಬ ಮೂರನ್ನೂ ಕೇಳಿ ತಿಳಿದುಕೊಳ್ಳಿರಿ.

ದಾರಿ

ಮೆಜೆಸ್ಟಿಕ್ ಎಂದು ಕರೆಯುವ ಕೆಂಪೇಗೌಡ ಬಸ್ ನಿಲ್ದಾಣದಿಂದ ಜಿಕೆವಿಕೆಗೆ ಸುಮಾರು 14 ಕಿ.ಮೀ. ದೂರ. ಮುಂಜಾನೆ 6 ಗಂಟೆಗೆ ಹೊರಟರೆ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಅದೇ 9 ಗಂಟೆಗೆ ಹೊರಟರೆ ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ಒಂದು ಗಂಟೆಗೂ ಮೇಲಾಗುತ್ತದೆ. ದೂರವನ್ನು ನೋಡಿ ವೇಳೆಯನ್ನು ಲೆಕ್ಕ ಹಾಕುವ ನಮ್ಮ ಹಳ್ಳಿಯ ಪದ್ಧತಿ ಬೆಂಗಳೂರಿಗೆ ಹೊಂದುವುದಿಲ್ಲ.

ರಾಜ್ಯ ಸಾರಿಗೆ ಬಸ್ಸಿನಿಂದ ಇಳಿದವರು ಪಕ್ಕದಲ್ಲಿರುವ ನಗರ ಸಾರಿಗೆ ನಿಲ್ದಾಣಕ್ಕೆ ನಡೆದು ಹೋಗಬೇಕು. ರೈಲಿನಲ್ಲಿ ಬಂದವರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದ ಮುಂದಿನ ಸುರಂಗ ದಾರಿಯಿಂದ ರಸ್ತೆ ದಾಟಿದರೆ ಅದೇ ನಿಲ್ದಾಣ ಸಿಗುತ್ತದೆ. ಅಲ್ಲಿ ಯಲಹಂಕದ ಕಡೆಗೆ ಹೋಗುವ ಬಸ್ಸನ್ನು ಹಿಡಿಯಬೇಕು. ಆದರೆ ಯಲಹಂಕ ಎಂದು ಬೋರ್ಡ್ ಇರುವ ಬಸ್ಸುಗಳೆಲ್ಲವೂ ಜಿಕೆವಿಕೆ ಮೇಲೆ ಹೋಗುವುದಿಲ್ಲ. ಕೆಲವು ಬೇರೆ ಬಡಾವಣೆಗಳನ್ನು ಸುತ್ತಿಕೊಂಡು ಹೋಗುತ್ತವೆ. ಹತ್ತುವ ಮೊದಲೇ ನಿರ್ವಾಹಕರನ್ನು ‘ಹೆಬ್ಬಾಳದ ಮೇಲೆ ಹೋಗಿ ಜಿಕೆವಿಕೆಯಲ್ಲಿ ನಿಲ್ಲುತ್ತದೆಯೇ?’ ಎಂದು ಕೇಳಿರಿ. ವಿಮಾನ ನಿಲ್ದಾಣಕ್ಕೆ ಹೋಗುವ ಹವಾನಿಯಂತ್ರಿತ ಬಸ್ಸನ್ನು ಹತ್ತಬಾರದು. ದರ ಹೆಚ್ಚು, ಅದಕ್ಕಿಂತ ಮುಖ್ಯವಾಗಿ, ಹೆಬ್ಬಾಳ ದಾಟಿದ ಮೇಲೆ ಎತ್ತರದ ರಸ್ತೆಯನ್ನೇರಿದ ವಾಹನ ಜಿಕೆವಿಕೆಯಲ್ಲಿ ನಿಲ್ಲದೆ ಯಲಹಂಕದ ಕಡೆ ಕೆಳಗಿಳಿಯುತ್ತದೆ. ಕೆಳಗಿನ ರಸ್ತೆಯಲ್ಲಿ ಹೋಗುವ ಸಾಮಾನ್ಯ ಬಸ್ಸೇ ನಿಮಗೆ ಸರಿಯಾದದ್ದು. ಮೇಖ್ರಿ ವೃತ್ತ, ಹೆಬ್ಬಾಳ, ಕೊಡಿಗೇಹಳ್ಳಿ ಗೇಟು, ಬ್ಯಾಟರಾಯನಪುರ ಇವುಗಳನ್ನು ದಾಟಿದ ಮೇಲೆ ಎಡಗಡೆಗೆ ಆವರಣದ ಹೆಬ್ಬಾಗಿಲು ಬರುತ್ತದೆ, ರಸ್ತೆ ದಾಟಬೇಕಾಗಿಲ್ಲ.

ಎಲ್ಲರೂ ಮೆಜೆಸ್ಟಿಕ್ಕಿಗೇ ಬರಬೇಕೆಂಬ ನಿಯಮವೇನೂ ಇಲ್ಲ. ತುಮಕೂರು, ದಾವಣಗೆರೆ, ಹುಬ್ಬಳ್ಳಿ ಕಡೆಯವರು ಗೊರಗುಂಟೆಪಾಳ್ಯದಲ್ಲಿ ಇಳಿದು, ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳಕ್ಕೆ ಹೋಗುವ ನಗರ ಬಸ್ಸನ್ನು ಹಿಡಿಯಬಹುದು. ಕೋಲಾರದ ಕಡೆಯವರು ಕೃಷ್ಣರಾಜಪುರದಲ್ಲಿ ಇಳಿದರೂ ಅದೇ ವರ್ತುಲ ರಸ್ತೆ ಹೆಬ್ಬಾಳಕ್ಕೆ ಒಯ್ಯುತ್ತದೆ. ಹೆಬ್ಬಾಳದಿಂದ ಮತ್ತೊಂದು ಬಸ್ಸು. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಕಡೆಯವರಿಗೆ ಜಿಕೆವಿಕೆ ದಾರಿಯಲ್ಲೇ ಇದ್ದರೂ ಅವರ ಬಸ್ಸು ಎತ್ತರದ ರಸ್ತೆಯನ್ನೇರಿಬಿಟ್ಟರೆ ನೇರ ಹೆಬ್ಬಾಳಕ್ಕೇ ಹೋಗಿ ನಿಲ್ಲಬಹುದು. ಆದುದರಿಂದ ಯಲಹಂಕದಲ್ಲಿ ಇಳಿದು ನಗರ ಬಸ್ಸು ಹಿಡಿಯುವುದು ಕ್ಷೇಮ. ಆ ಕಡೆಯಿಂದ ಬಂದವರಿಗೆ ಹೆಬ್ಬಾಗಿಲು ಎದುರು ಮಗ್ಗುಲಿಗೆ ಬರುವುದರಿಂದ ರಸ್ತೆ ದಾಟಲೇಬೇಕು. ಇದು ರಾಷ್ಟ್ರೀಯ ಹೆದ್ದಾರಿ. ಪಾದಚಾರಿಗಳಿಗೆಂದು ಏರ್ಪಡಿಸಿದ ಸ್ಥಳದಲ್ಲಿ ಮಾತ್ರ ದಾಟಿರಿ. ಮೈಸೂರು ರಸ್ತೆಯಿಂದಲೂ ಕನಕಪುರ ರಸ್ತೆಯಿಂದಲೂ ಬರುವವರಿಗೆ ಮೆಜೆಸ್ಟಿಕ್‌ವರೆಗೆ ಮೆಟ್ರೊ ರೈಲು ಉಂಟು. ನೇರಳೆ ಮತ್ತು ಹಸಿರು ಮಾರ್ಗಗಳೆರಡೂ ಅಲ್ಲಿಯೇ ಕೂಡುತ್ತವೆ. ಮೆಟ್ರೊದಲ್ಲಿ ಚೀಲಗಳನ್ನು ಯಂತ್ರದಲ್ಲಿ ಪರೀಕ್ಷಿಸುತ್ತಾರಾದ್ದರಿಂದ ಕುಡುಗೋಲು, ಕಸಿಚಾಕು ಇರಿಸಿಕೊಂಡವರು ತೊಂದರೆಗೆ ಸಿಕ್ಕುತ್ತಾರೆ.

ಮಹಿಳೆಯರಿಗೆ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣ ಮಾಡಬಹುದು. ರಾಜಹಂಸ, ಐರಾವತ, ಮಲಗುವ ಬಸ್ಸು ಮುಂತಾದವುಗಳಿಗೆ ಇದು ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ಶೂನ್ಯ ದರದ ಟಿಕೆಟನ್ನು ಕೇಳಿ ಪಡೆದು ಇಳಿಯುವವರೆಗೂ ಇಟ್ಟುಕೊಳ್ಳಬೇಕು. ಪ್ರಯಾಣ ವೆಚ್ಚ ಕೊಡುವ ತರಬೇತಿಗಳಲ್ಲಿ ಟಿಕೆಟಿಲ್ಲದೆ ಹಣ ಪಾವತಿಯಾಗುವುದು ಕಷ್ಟ. ಆದಕಾರಣ ಹಣ ಕೊಟ್ಟು ಪ್ರಯಾಣ ಮಾಡಿದವರೂ ಟಿಕೆಟುಗಳನ್ನು ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿಡಿರಿ.

ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಆಟೋಗಳಿಗೆ ಮೀಟರಿನ ಒಂದೂವರೆ ಪಟ್ಟು ಕೊಡಬೇಕಾಗುತ್ತದೆ. ರಾತ್ರಿಯ ಬಸ್ಸಿನಲ್ಲಿ ಬಂದು 4 ಗಂಟೆಗೆ ಇಳಿದವರು ನಿಲ್ದಾಣದಲ್ಲಿಯೇ ಮುಖ ತೊಳೆದು ಕಾಫಿ ಕುಡಿದು, ಬೆಳಕು ಹರಿದ ಮೇಲೆ ನಗರ ಬಸ್ಸು ಹಿಡಿಯುವುದು ಲೇಸು. ಆದರೂ ನನ್ನ ಅಭಿಪ್ರಾಯದಲ್ಲಿ, ದೂರದಿಂದ ಬರುವವರು ತಂಗಲು ಏರ್ಪಾಡಿದ್ದರೆ ಹಿಂದಿನ ಸಂಜೆಯೇ ಬಂದುಬಿಡಬೇಕು. ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು ಬಂದವರು ಮಧ್ಯಾಹ್ನದ ಉಪನ್ಯಾಸದಲ್ಲಿ ತೂಕಡಿಸುವುದು ಉಪನ್ಯಾಸಕಾರನ ತಪ್ಪೊಂದರಿಂದಲೇ ಅಲ್ಲ.

ಚೀಲದಲ್ಲಿ ಏನಿರಬೇಕು?

ತರಬೇತಿ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ, ಎರಡು ಭಾವಚಿತ್ರ, ಒಂದು ನೋಟ್‌ಬುಕ್ಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಡಿಸೆಂಬರ್-ಜನವರಿಯಲ್ಲಿ ಬಯಲುಸೀಮೆಯವರಿಗೆ ಚಳಿ ಹೆಚ್ಚೆನಿಸುತ್ತದೆ, ಕಂಬಳಿ ತನ್ನಿರಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಂಜೆಯ ಮಳೆ ಜೋರು, ಕೊಡೆ ಬೇಕು. ಹೊಲಗಳಲ್ಲಿ ನಡೆಯಬೇಕಾಗುತ್ತದಾದ್ದರಿಂದ ಹಳೆಯ, ಗಟ್ಟಿಯಾದ ಪಾದರಕ್ಷೆ ಇರಲಿ. ಹೆಬ್ಬಾಗಿಲಿನಿಂದ ಒಳಗಿನ ಕಟ್ಟಡಗಳಿಗೇ ಬಹಳ ನಡಿಗೆಯುಂಟು.

ಇವೆಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ಚೀಲದಲ್ಲಿ ಇರಬೇಕಾದದ್ದು ನಿಮ್ಮ ಹೊಲ. ಮಣ್ಣು, ನೀರು, ರೋಗ ತಗುಲಿದ ಗಿಡ ಇವುಗಳ ಮಾದರಿಗಳನ್ನು ತಂದವರಿಗೆ ತರಬೇತಿಯಿಂದ ಸಿಗುವ ಪ್ರಯೋಜನವೇ ಬೇರೆ. ‘ಎಲೆ ಹಳದಿಯಾಗುತ್ತಿದೆ, ಏನು ಮಾಡಬೇಕು?’ ಎಂದು ಬಾಯಲ್ಲಿ ಕೇಳಿದರೆ ವಿಜ್ಞಾನಿಗಳು ಹತ್ತು ಕಾರಣಗಳನ್ನು ಹೇಳಬಹುದು. ಎಲೆಯನ್ನೇ ಮುಂದಿಟ್ಟರೆ ಹತ್ತು ಕಾರಣಗಳು ಎರಡಕ್ಕೆ ಇಳಿಯುತ್ತವೆ.

ಗಿಡದ ಮಾದರಿಯನ್ನು ಹೊರಡುವ ದಿನ ಬೆಳಿಗ್ಗೆಯೇ ತೆಗೆಯಬೇಕು. ಪೂರ್ತಿ ಒಣಗಿ ಸತ್ತ ಗಿಡದಿಂದ ಏನೂ ತಿಳಿಯುವುದಿಲ್ಲ. ರೋಗ ಈಗತಾನೆ ಆರಂಭವಾಗಿರುವ, ಹಸಿರು ಭಾಗವೂ ಕೆಟ್ಟ ಭಾಗವೂ ಕೂಡಿರುವ ಎಲೆಗಳನ್ನು ಆರಿಸಿ, ಜೊತೆಗೆ ಹೋಲಿಕೆಗೆಂದು ಒಂದು ಆರೋಗ್ಯವಾದ ಎಲೆಯನ್ನೂ ಸೇರಿಸಿ ವೃತ್ತಪತ್ರಿಕೆಯ ಮಡಿಕೆಗಳ ನಡುವೆ ಇರಿಸಿರಿ. ಒದ್ದೆ ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬಸ್ಸಿನ ಸೆಕೆಗೆ ಕೊಳೆತು, ರೋಗ ಯಾವುದು ಕೊಳೆ ಯಾವುದು ಎಂದು ಗೊತ್ತಾಗದು. ಸೊರಗು ರೋಗವಿದ್ದರೆ ಗಿಡವನ್ನು ಕೀಳದೆ, ಬೇರು ಮತ್ತು ಸುತ್ತಲಿನ ಮಣ್ಣಿನ ಸಹಿತ ಅಗೆದು ತೆಗೆದು, ಬೇರಿನ ಭಾಗವನ್ನು ಮಾತ್ರ ಪ್ರತ್ಯೇಕವಾಗಿ ಕಟ್ಟಬೇಕು. ಈ ಪೊಟ್ಟಣಗಳನ್ನು ಜಿಕೆವಿಕೆಯ ಹೊಲದಲ್ಲಾಗಲಿ, ಬೇರೆ ರೈತರ ಚೀಲದ ಪಕ್ಕದಲ್ಲಾಗಲಿ ಬಿಚ್ಚದೆ ವಿಜ್ಞಾನಿಗಳ ಕೈಗೇ ಕೊಡಿರಿ.

ಮಣ್ಣಿಗೆ ಸ್ವಲ್ಪ ಮುಂಚಿತವಾಗಿ ಸಿದ್ಧತೆ ಬೇಕು. ಒಂದೇ ಬಗೆಯ ಭೂಮಿಯಲ್ಲಿ ಹಾವಿನ ನಡೆಯಂತೆ ಓಡಾಡಿ 10ರಿಂದ 15 ಕಡೆ ಮೇಲಿನ ಕಸಕಡ್ಡಿ ಸರಿಸಿ, ಅರ್ಧ ಅಡಿ ಆಳಕ್ಕೆ ‘ವಿ’ ಆಕಾರದ ಗುಂಡಿ ತೆಗೆದು, ಗುಂಡಿಯ ಮಗ್ಗುಲಿನಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಮಣ್ಣನ್ನು ಕೆರೆದು ತೆಗೆಯಿರಿ. ಎಲ್ಲವನ್ನೂ ಬೆರೆಸಿ ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಸಾಡಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲಕ್ಕೆ ತುಂಬಿರಿ. ತಿಪ್ಪೆಯ ಹತ್ತಿರ, ಬದುವಿನ ಪಕ್ಕ, ಮರದ ಕೆಳಗೆ ಮತ್ತು ಹೊಸದಾಗಿ ಗೊಬ್ಬರ ಹಾಕಿದ ಕಡೆ ಮಣ್ಣು ತೆಗೆಯಬಾರದು. ಗೊಬ್ಬರದ ಖಾಲಿ ಚೀಲದಲ್ಲಿ ತಂದರೆ ಪರೀಕ್ಷೆಯಲ್ಲಿ ಕಾಣುವುದು ಚೀಲದ ಸಾರವೇ ಹೊರತು ಹೊಲದ ಸಾರವಲ್ಲ! ಹಣ್ಣಿನ ತೋಟಕ್ಕೆ ಒಂದೊಂದು ಅಡಿ ಆಳಕ್ಕೂ ಬೇರೆ ಬೇರೆ ಮಾದರಿ ಬೇಕು. ಕೊಳವೆ ಬಾವಿಯ ನೀರಾದರೆ ಹತ್ತು ನಿಮಿಷ ಪಂಪು ಓಡಿಸಿ, ಅದೇ ನೀರಿನಿಂದ ಶೀಶೆಯನ್ನು ಮೂರು ಸಲ ತೊಳೆದು, ಒಂದು ಲೀಟರ್ ತುಂಬಿ ಬಿಗಿಯಾಗಿ ಮುಚ್ಚಿರಿ. ಪ್ರತಿಯೊಂದರ ಮೇಲೆಯೂ ಹೆಸರು, ಊರು, ಸರ್ವೆ ನಂಬರು, ಹಿಂದಿನ ಬೆಳೆ, ಹಾಕಿದ ಗೊಬ್ಬರ, ಹೊಡೆದ ಔಷಧಿ ಇವನ್ನು ಸೀಸದಕಡ್ಡಿಯಿಂದ ಬರೆದ ಚೀಟಿ ಇರಲಿ. ಶಾಯಿ ತೇವಕ್ಕೆ ಹರಡುತ್ತದೆ. ಔಷಧಿಯ ಹೆಸರು ತಿಳಿಯದಿದ್ದರೆ ಡಬ್ಬಿಯ ಚೀಟಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ತನ್ನಿರಿ. ಡಬ್ಬಿಯನ್ನೇ ಬಸ್ಸಿನಲ್ಲಿ ತರಬೇಡಿರಿ.

ಮನೆಯಲ್ಲಿ ಬಿಟ್ಟು ಬರುವ ಕೆಲಸ

ನೀವು ಇಲ್ಲದ ದಿನಗಳಲ್ಲಿ ಯಾವ ತಾಕಿಗೆ ಯಾವಾಗ ನೀರು, ರಾತ್ರಿ ತ್ರೀ ಫೇಸ್ ಬಂದಾಗ ಪಂಪು ಹಾಕುವವರು ಯಾರು, ಹಸುವಿಗೆ ಬೆದೆ ಬರುವ ದಿನ ಯಾವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಕೀಟನಾಶಕ ಸಿಂಪಡಿಸುವ ಕೆಲಸವನ್ನು ಮಾತ್ರ ಮಕ್ಕಳಿಗಾಗಲಿ ಅನುಭವವಿಲ್ಲದವರಿಗಾಗಲಿ ವಹಿಸಬೇಡಿರಿ. ರಾಗಿ ಕೊಯ್ಲಿನ ವಾರದಲ್ಲಿ ತರಬೇತಿ ಬಂದರೆ ಸಂಕೋಚವಿಲ್ಲದೆ ಬೇರೆ ದಿನಾಂಕ ಕೇಳಬಹುದು. ಮನಸ್ಸೆಲ್ಲ ಕಣದಲ್ಲಿಟ್ಟು ಇಲ್ಲಿ ಕುಳಿತು ಫಲವಿಲ್ಲ.

ಆವರಣದಲ್ಲಿ

ತರಬೇತಿಯ ನಡುವೆ ಬಿಡುವು ಸಿಕ್ಕರೆ ಪೇಟೆ ನೋಡಲು ಹೋಗುವ ಆಸೆ ಸಹಜ. ಬೇಸಾಯ ಶಾಸ್ತ್ರದವನಾದ ನಾನು ಬೇರೊಂದನ್ನು ನೋಡಿರೆನ್ನುತ್ತೇನೆ. ಒಣಬೇಸಾಯ ಯೋಜನೆಯ ಕ್ಷೇತ್ರದಲ್ಲಿ 1978ರಿಂದ ಅದೇ ಕೆಂಪು ಭೂಮಿಯಲ್ಲಿ ರಾಗಿಯ ಮೇಲೆ ಶಾಶ್ವತ ಗೊಬ್ಬರ ಪ್ರಯೋಗ ನಡೆದುಬಂದಿದೆ. ಏನೂ ಹಾಕದ ತಾಕು, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ತಾಕು, ರಾಸಾಯನಿಕ ಗೊಬ್ಬರದ ತಾಕು, ಎರಡನ್ನೂ ಕೂಡಿಸಿ ಹಾಕಿದ ತಾಕು ಹೀಗೆ ಹಲವು ಇವೆ. ಇವುಗಳಲ್ಲಿ ಎರಡನ್ನೂ ಕೂಡಿಸಿದ ತಾಕಿನ ಇಳುವರಿಯೇ ಮೇಲು. ಪುಸ್ತಕದಲ್ಲಿ ಓದಿದರೆ ಇದು ಬರಿಯ ಅಂಕಿ. ಬೆಳೆ ನಿಂತಿರುವ ಕಾಲದಲ್ಲಿ ಬದುವಿನ ಮೇಲೆ ನಿಂತು ನೋಡಿದರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಚಿತವಾಗಿ ತರಬೇತಿ ಸಂಯೋಜಕರ ಮೂಲಕ ಅನುಮತಿ ಪಡೆಯಬೇಕು. ಪ್ರಯೋಗ ತಾಕುಗಳಿಂದ ತೆನೆಯನ್ನಾಗಲಿ ಸಸಿಯನ್ನಾಗಲಿ ಕೀಳಬಾರದು. ಒಂದು ತೆನೆ ಹೋದರೂ ಆ ವರ್ಷದ ಲೆಕ್ಕ ಕೆಡುತ್ತದೆ.

ಹಿಂದಿರುಗುವಾಗ

ಬಿತ್ತನೆ ಬೀಜ ಕೊಳ್ಳುವ ಉದ್ದೇಶವಿದ್ದರೆ ಕೊನೆಯ ಗಳಿಗೆಯವರೆಗೆ ಕಾಯದೆ ಮೊದಲ ದಿನವೇ ದಾಸ್ತಾನು ವಿಚಾರಿಸಿರಿ. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿಯೂ ನಿಜಚೀಟಿ ಬೀಜಕ್ಕೆ ತಿಳಿಹಸಿರು ಚೀಟಿಯೂ ಇರುತ್ತದೆ. ಪರೀಕ್ಷೆಯ ದಿನಾಂಕ ಮತ್ತು ಅವಧಿ ನೋಡಿ, ರಸೀದಿಯನ್ನೂ ಚೀಟಿಯನ್ನೂ ಕೊಯ್ಲಿನವರೆಗೆ ಜೋಪಾನವಾಗಿಡಿರಿ. ಜೀವಾಣು ಗೊಬ್ಬರದ ಪೊಟ್ಟಣಗಳನ್ನು ಬಸ್ಸಿನ ಎಂಜಿನ್ ಬಳಿ ಅಥವಾ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟರೆ ಒಳಗಿನ ಅಣುಜೀವಿಗಳು ಸತ್ತು ಬರಿಯ ಪುಡಿ ಉಳಿಯುತ್ತದೆ. ಬಟ್ಟೆಗಳ ನಡುವೆ ಇಟ್ಟು ಒಯ್ಯಿರಿ. ಸಸಿಗಳನ್ನು ಕೊಂಡವರು ಊರು ಸೇರಿದ ಮೇಲೆ ಎರಡು ವಾರ ತೋಟದಿಂದ ದೂರದಲ್ಲಿ ನೆರಳಿನಲ್ಲಿಟ್ಟು, ಹುಳು ಅಥವಾ ರೋಗ ಕಾಣದಿದ್ದರೆ ಮಾತ್ರ ನೆಡಬೇಕು.

ಸಂಜೆ 5ರಿಂದ 8ರವರೆಗೆ ಹೆಬ್ಬಾಳದ ದಾರಿ ಮತ್ತೆ ಕಟ್ಟಿಕೊಳ್ಳುತ್ತದೆ. ರಾತ್ರಿಯ ಬಸ್ಸಿಗೆ ಸೀಟು ಕಾದಿರಿಸಿದವರು ಬಸ್ಸು ಹೊರಡುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಜಿಕೆವಿಕೆ ಬಿಡಬೇಕು. ಯಶವಂತಪುರದಿಂದ ರೈಲು ಇರುವವರು ಮೆಜೆಸ್ಟಿಕ್ಕಿಗೆ ಹೋಗದೆ, ಹೆಬ್ಬಾಳದಲ್ಲಿ ಇಳಿದು ವರ್ತುಲ ರಸ್ತೆಯ ಬಸ್ಸಿನಲ್ಲಿ ಗೊರಗುಂಟೆಪಾಳ್ಯದ ಕಡೆಯಿಂದ ಹೋಗಬಹುದು.