ದುಡಿಯುತ್ತಲೇ ಪದವಿ ಮುಗಿಸುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಕೆಲಸಕ್ಕೆ ಸೇರಿದವರು ಹಲವರು. ಕಾಲೇಜು ಸೇರಿ, ಮನೆಯ ತಾಪತ್ರಯದಿಂದ ನಡುವೆ ಬಿಟ್ಟವರು ಕೆಲವರು. "ಈ ವಯಸ್ಸಿನಲ್ಲಿ ಪದವಿ ಪಡೆಯಲು ಸಾಧ್ಯವೇ?" ಎಂದು ಇವರು ಕೇಳುವುದುಂಟು. ಖಂಡಿತ ಸಾಧ್ಯ. ಆದರೆ ಮೊದಲು ವೇಳೆಯ ಲೆಕ್ಕ ಹಾಕಬೇಕು. ನಾನೂ ಮೆಟ್ರಿಕ್ ಓದಿದ ಗಿರಣಿ ಗುಮಾಸ್ತ. ಆದುದರಿಂದ ಉಪದೇಶಕ್ಕಿಂತ ಲೆಕ್ಕವನ್ನೇ ಇಲ್ಲಿ ಬರೆಯುತ್ತೇನೆ.

ಇದು ಹೊಸ ದಾರಿಯೇನಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿ ಮುಂದೆ ಬಂದರು. ಡಾ. ಅಂಬೇಡ್ಕರರು ಕಟ್ಟಿದ ಪೀಪಲ್ಸ್ ಎಜುಕೇಶನ್ ಸೊಸೈಟಿಯು 1946ರಲ್ಲಿ ಇಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಾಗ, ನೌಕರಿಯಲ್ಲಿರುವವರಿಗೂ ಅನುಕೂಲವಾಗಲೆಂದು ಬೆಳಗಿನ ಹೊತ್ತು ತರಗತಿ ನಡೆಸಿತು. 1962ರಲ್ಲಿ ದೆಹಲಿ ವಿಶ್ವವಿದ್ಯಾಲಯವು ಅಂಚೆಯ ಮೂಲಕ ಪಾಠ ಕಳಿಸುವ ಏರ್ಪಾಡು ಮಾಡಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಹುಟ್ಟಿತು.

ಮೆಟ್ರಿಕ್ ಆದವರು ಮೊದಲು ಹನ್ನೆರಡನೆಯ ತರಗತಿ ದಾಟಬೇಕು. ಇದಕ್ಕೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಉಂಟು. ಇಲ್ಲಿ ವಯಸ್ಸಿನ ಮೇಲ್ಮಿತಿಯಿಲ್ಲ. ಐದು ವಿಷಯಗಳನ್ನು ಒಮ್ಮೆಗೇ ಬರೆಯಬೇಕಾಗಿಲ್ಲ. ಐದು ವರ್ಷಗಳೊಳಗೆ, ಒಂಬತ್ತು ಅವಕಾಶಗಳಲ್ಲಿ, ಒಂದೊಂದಾಗಿ ಪಾಸು ಮಾಡಿಕೊಳ್ಳಬಹುದು.

ನಡುವೆ ಬಿಟ್ಟವರು ಹೊಸದಾಗಿ ಸೇರುವ ಮುನ್ನ ಹಳೆಯ ಅಂಕಪಟ್ಟಿಗಳನ್ನು ಹುಡುಕಿ ತೆಗೆಯಲಿ. ಎಷ್ಟು ವಿಷಯ ಬಾಕಿ, ಅವನ್ನು ಈಗಲೂ ಬರೆಯಲು ಬಿಡುವರೋ, ಪಠ್ಯ ಬದಲಾಗಿದೆಯೋ ಎಂದು ಆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಬರೆದು, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಲಿ. ಎರಡು ಪತ್ರಿಕೆಗಳಲ್ಲಿ ಮುಗಿಯುವ ಕೆಲಸಕ್ಕೆ ಮೂರು ವರ್ಷದ ಶುಲ್ಕ ಏಕೆ ಕಟ್ಟಬೇಕು?

ಇನ್ನು ವೇಳೆಯ ಲೆಕ್ಕ. ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ನಾಲ್ಕು ಕ್ರೆಡಿಟಿನ ಒಂದು ಪತ್ರಿಕೆಗೆ 120 ಗಂಟೆ ಬೇಕು. ಕೆಲಸದ ಆರು ದಿನ ಒಂದೂವರೆ ಗಂಟೆಯಂತೆ, ರಜೆಯ ದಿನ ಮೂರು ಗಂಟೆ ಓದಿದರೆ ವಾರಕ್ಕೆ 12 ಗಂಟೆ. ಹತ್ತು ವಾರಕ್ಕೆ ಒಂದು ಪತ್ರಿಕೆ, ವರ್ಷಕ್ಕೆ ಐದು ಪತ್ರಿಕೆ, ಅಂದರೆ 20 ಕ್ರೆಡಿಟ್. ಪದವಿಗೆ ಕಡಮೆಯೆಂದರೂ 120 ಕ್ರೆಡಿಟ್ ಎಂದುಕೊಂಡರೆ ಆರು ವರ್ಷವಾಯಿತು! ಮೂರೇ ವರ್ಷದಲ್ಲಿ ಮುಗಿಸಬೇಕಾದರೆ ಇದರ ಎರಡರಷ್ಟು ಓದಬೇಕು. ಓವರ್‌ಟೈಮ್, ರಾತ್ರಿ ಪಾಳಿ, ಊರಿನ ಮದುವೆ ಮುಂಜಿ ಇರುವವರಿಗೆ ಅದು ಸುಲಭವಲ್ಲ. ಮೊದಲ ವರ್ಷವೇ ಎಲ್ಲವನ್ನೂ ಬರೆಯಹೋಗಿ ಫೇಲಾದವರು ಮತ್ತೆ ಪುಸ್ತಕ ಮುಟ್ಟುವುದು ಅಪರೂಪ. ಆದುದರಿಂದ ಸೇರುವಾಗಲೇ ಕೊನೆಯ ಗಡುವು ಎಷ್ಟು ವರ್ಷ ಎಂದು ಕೇಳಿ, ಅದಕ್ಕೆ ತಕ್ಕಂತೆ ಪತ್ರಿಕೆಗಳನ್ನು ಹಂಚಿಕೊಳ್ಳಿರಿ. ಪರೀಕ್ಷೆಯ ದಿನಗಳಿಗೆ ರಜೆ ಉಳಿಸಿಡಿರಿ. ಓದಿಗಾಗಿ ಕೈಯಲ್ಲಿರುವ ಕೆಲಸ ಬಿಡಬೇಡಿರಿ.

ಒಂದು ಎಚ್ಚರಿಕೆ. "ಒಂದೇ ವರ್ಷದಲ್ಲಿ ಡಿಗ್ರಿ" ಎಂದು ಹಣ ಕೇಳುವವರ ಬಲೆಗೆ ಬೀಳುವವರು ಹೆಚ್ಚಾಗಿ ನಮ್ಮಂಥ ದುಡಿಯುವವರೇ. ಯಾವ ಕೋರ್ಸಿಗೆ, ಯಾವ ವರ್ಷಕ್ಕೆ ಮಾನ್ಯತೆ ಇದೆ ಎಂಬುದನ್ನು ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಯೇ ಹಣ ಕಟ್ಟಿರಿ. ಊರಿನ ಅಭಿಮಾನದಿಂದ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಬಯಸುವವರು, ಹೊರನಾಡಿನಲ್ಲಿರುವವರಿಗೆ ಪಾಠ ಮತ್ತು ಪರೀಕ್ಷೆ ಎಲ್ಲಿ ಎಂದು ಮೊದಲೇ ವಿಚಾರಿಸಲಿ. ರಾಜ್ಯದ ಹೊರಗೆ ಕೇಂದ್ರ ನಡೆಸಿದ ಕಾರಣದಿಂದ ಅದರ ಮಾನ್ಯತೆ ಕೆಲಕಾಲ ತಪ್ಪಿ, 2018ರಲ್ಲಿ ಮರಳಿ ಬಂದಿತು. ನಡುವೆ ತೊಂದರೆಗೆ ಸಿಕ್ಕಿದವರು ವಿದ್ಯಾರ್ಥಿಗಳು. ಮಾನ್ಯತೆಯುಳ್ಳ ದೂರಶಿಕ್ಷಣದ ಪದವಿಯು ಕಾಲೇಜಿನ ಪದವಿಗೆ ಸಮಾನವೆಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ಹೀಗಿರುವಾಗ ಅಡ್ಡದಾರಿ ಏಕೆ?

ಒಂದೇ ಖೋಲಿಯಲ್ಲಿ ನಾಲ್ಕಾರು ಜನ ಇರುವಲ್ಲಿ ಓದಲು ಸ್ಥಳ ಸಿಗದು. ಅಂಥವರಿಗೆ ವಾಚನಾಲಯದ ಒಳಗಿನ ಮೇಜು ಇದೆ, ದೀಪವಿದೆ. ಅರ್ಜಿ ತುಂಬಲು ತಿಳಿಯದವರು ಅಂಕಪಟ್ಟಿ ತೆಗೆದುಕೊಂಡು ಬನ್ನಿರಿ. ಕೂಡಿ ಕುಳಿತು ತುಂಬೋಣ.