ಅಜ್ಜಿ, ಅದನ್ನು ಎತ್ತಿದ್ದು ಯಾರು?

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಹೊಲಿಗೆ ಮಿಷನ್ನಿಗೆ ರಜೆ. ವಾರವಿಡೀ ಸೀರೆಗಳಿಗೆ ಫಾಲ್ ಹಾಕಿ, ಪಿಕೋ ಮಾಡಿ ಕಣ್ಣು ದಣಿದಿರುತ್ತದೆ. ಮೊನ್ನೆ ಊಟವಾದ ಮೇಲೆ ಎಂಟು ವರ್ಷದ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಮಿಸ್ಟರ್ ಇಂಡಿಯಾ’ ಹಾಕಿದೆ. 1987ರ ಮೇ ತಿಂಗಳಲ್ಲಿ ಬಂದ ಚಿತ್ರ. ಆಗ ಇವಳ ಅಪ್ಪನಿಗೆ ಮೂರು ವರ್ಷ, ನನ್ನ ತೊಡೆಯ ಮೇಲೆ ಕೂತು ನೋಡಿದ್ದ. ನಮ್ಮ ಯಜಮಾನರಿಗೆ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೆಲಸ. ಅವರ ಜೊತೆ ಹೋಟೆಲಿನ ಹುಡುಗರೂ ಬಂದಿದ್ದರು. ಅವರಿಗೆ ಅನಿಲ್ ಕಪೂರ್‌ಗಿಂತ ಸತೀಶ್ ಕೌಶಿಕ್ ಮಾಡಿದ ‘ಕ್ಯಾಲೆಂಡರ್’ ಮೇಲೇ ಪ್ರೀತಿ. ಅವನು ಅಡುಗೆಯವನಲ್ಲವೇ!

ಕಥೆ ಗೊತ್ತಿಲ್ಲದವರಿಗೆ ಎರಡೇ ಮಾತು. ಪಿಟೀಲು ನುಡಿಸುವ ಅರುಣ್ ಎಂಬ ಬಡವ ಅನಾಥ ಮಕ್ಕಳನ್ನು ಸಾಕುತ್ತಿರುತ್ತಾನೆ. ವಿಜ್ಞಾನಿಯಾಗಿದ್ದ ಅಪ್ಪ ಬಿಟ್ಟುಹೋದ ಉಪಕರಣವೊಂದು ಅವನ ಕೈಗೆ ಸಿಗುತ್ತದೆ. ಕಟ್ಟಿಕೊಂಡರೆ ಅವನು ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಂಪು ಬೆಳಕಲ್ಲಿ ಮಾತ್ರ ಕಾಣುತ್ತಾನೆ. ಎದುರಾಳಿ ಅಮರೀಶ್ ಪುರಿಯ ಮೊಗ್ಯಾಂಬೊ. ಪತ್ರಕರ್ತೆ ಸೀಮಾ ಆಗಿ ಶ್ರೀದೇವಿ. ಬರೆದವರು ಸಲೀಂ–ಜಾವೇದ್, ನಿರ್ದೇಶಕ ಶೇಖರ್ ಕಪೂರ್. ಅಪ್ಪನ ಗುಟ್ಟನ್ನು ಅರುಣನಿಗೆ ಹೇಳುವ ಮುದುಕ ಅಶೋಕ್ ಕುಮಾರ್. 1957ರ ‘ಮಿಸ್ಟರ್ ಎಕ್ಸ್’ನಲ್ಲಿ ಕಾಣದಂತಾಗುವ ನಾಯಕ ಅವರೇ. ನನಗಂತೂ ಆ ದೃಶ್ಯ ಹಿರಿಯರೊಬ್ಬರು ಮನೆಯ ಬೀಗದ ಕೈ ಒಪ್ಪಿಸಿದ ಹಾಗೆ ಕಾಣುತ್ತದೆ. ಎರಡು ವರ್ಷದಲ್ಲಿ ಅದೇ ಕಥೆ ಅಂಬರೀಶ್ ಅವರ ‘ಜೈ ಕರ್ನಾಟಕ’ವಾಗಿ ಕನ್ನಡಕ್ಕೂ ಬಂತು.

ಹನುಮಂತನ ಮೂರ್ತಿ ಗಾಳಿಯಲ್ಲಿ ಎದ್ದು ಬಂದು ಖಳನಟ ಬಾಬ್ ಕ್ರಿಸ್ಟೋಗೆ ಬಡಿಯುವ ದೃಶ್ಯಕ್ಕೆ ಪುಟ್ಟಿ ಚಾಪೆಯ ಮೇಲೆ ಹೊರಳಾಡಿ ನಕ್ಕಳು. ಅರುಣ್ ಸಾಕಿದ ಮಕ್ಕಳಲ್ಲಿ ಪುಟಾಣಿ ಟೀನಾ ಬಾಂಬಿಗೆ ಬಲಿಯಾದಾಗ ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು. 1987ರಲ್ಲಿ ನಾನು ಅತ್ತದ್ದು ಒಂದು ಕಥೆಗೆ. 1993ರ ಮಾರ್ಚ್ 12ರ ಸ್ಫೋಟಗಳಾದ ಮೇಲೆ ಮುಂಬಯಿಯಲ್ಲಿ ಬದುಕಿದವರಿಗೆ ಆ ದೃಶ್ಯ ಬರೀ ಕಥೆಯಾಗಿ ಉಳಿದಿಲ್ಲ. ಆದರೂ ಅದನ್ನು ಮುಂದಕ್ಕೆ ಓಡಿಸಿಬಿಡಲು ನನಗೆ ಮನಸ್ಸಾಗಲಿಲ್ಲ. ನಗಿಸಿದ ಮಗುವೇ ಹೋದಾಗ ಅಳದಿದ್ದರೆ ಹೇಗೆ?

ಕಣ್ಣೊರೆಸಿಕೊಂಡು ಅವಳು ಕೇಳಿದಳು: “ಅಜ್ಜಿ, ಮೂರ್ತಿ ಎತ್ತಿದ್ದು ಯಾರು? ಕಂಪ್ಯೂಟರಾ?”

ಆ ಚಿತ್ರದಲ್ಲಿ ಕಂಪ್ಯೂಟರ್ ಕೈಚಳಕವಿಲ್ಲ. ಅದರ ಮಾಯೆ ಹೆಣೆದವರು ಪೀಟರ್ ಪೆರೇರಾ. ‘ಅಮರ್ ಅಕ್ಬರ್ ಆಂಥನಿ’ಗೆ ಕ್ಯಾಮೆರಾ ಹಿಡಿದವರೂ ಅವರೇ. ಫಿಲ್ಮಿನ ಕಾಲದಲ್ಲಿ ಇಂಥ ಆಟಗಳು ಹೆಚ್ಚಾಗಿ ಕ್ಯಾಮೆರಾದೊಳಗೇ ನಡೆಯುತ್ತಿದ್ದವು. ಲೆನ್ಸಿನ ಒಂದು ಭಾಗ ಮುಚ್ಚಿ ಚಿತ್ರೀಕರಿಸುವುದು, ರೀಲನ್ನು ಹಿಂದಕ್ಕೆ ಸುತ್ತಿ ಉಳಿದ ಭಾಗ ತುಂಬುವುದು. ಅದಕ್ಕೂ ಹಳೆಯ ಉಪಾಯ ನೂಲಿನದು. 1937ರಲ್ಲಿ ಇದೇ ಮುಂಬಯಿಯಲ್ಲಿ ವಿಜಯ್ ಭಟ್ಟರು ‘ಖ್ವಾಬ್ ಕಿ ದುನಿಯಾ’ ಮಾಡಿದಾಗ, ಕಾಣದ ಮನುಷ್ಯ ಸಾಮಾನು ಎತ್ತುವಂತೆ ತೋರಿಸಿದವರು ಇನ್ನೂ ಇಪ್ಪತ್ತು ತುಂಬದ ಬಾಬುಭಾಯಿ ಮಿಸ್ತ್ರಿ. ಕಪ್ಪು ಪರದೆಯ ಮುಂದೆ ಕಪ್ಪು ದಾರ, ಅಷ್ಟೇ. ಚಿತ್ರರಂಗ ಅವರನ್ನು ‘ಕಾಲಾ ಧಾಗಾ’ ಎಂದೇ ಕರೆಯಿತು. ಮುಂದೆ 1961ರಲ್ಲಿ ‘ಸಂಪೂರ್ಣ ರಾಮಾಯಣ’ ನಿರ್ದೇಶಿಸಿದವರು ಅವರು.

ನೂಲೆಂದರೆ ನನ್ನ ಕಸುಬು. ಹೇಳಿ ಸುಮ್ಮನಾಗುವುದು ಸಾಧ್ಯವೇ? ಬೀರುವಿಗೆ ಕಪ್ಪು ಸೀರೆ ಇಳಿಬಿಟ್ಟೆ, ಬಿಳಿ ಪ್ಲಾಸ್ಟಿಕ್ ಚಮಚಕ್ಕೆ ಕಪ್ಪು ಪಾಲಿಸ್ಟರ್ ದಾರ ಕಟ್ಟಿದೆ. ಟ್ಯೂಬ್‌ಲೈಟಿಗೆ ದಾರ ಕೂದಲಿನಂತೆ ಮಿನುಗಿ ಗುಟ್ಟು ಬಿಟ್ಟುಕೊಟ್ಟಿತು. ಪಾಲಿಸ್ಟರ್ ಹೊಳೆಯುತ್ತದೆ, ಹತ್ತಿ ನೂಲು ಬೆಳಕನ್ನು ನುಂಗುತ್ತದೆ. ರೀಲು ಬದಲಿಸಿದೆ. ಒಂದೇ ಎಳೆಯಾದರೆ ಚಮಚ ಬುಗುರಿಯಂತೆ ತಿರುಗುತ್ತದೆ. ಎರಡು ತುದಿಗೂ ಒಂದೊಂದು ಎಳೆ ಕಟ್ಟಿದೆ. ಲೈಟು ಆರಿಸಿ, ಪಕ್ಕದಿಂದ ಟಾರ್ಚ್ ಬಿಟ್ಟಾಗ ಚಮಚವೊಂದೇ ಉಳಿಯಿತು. ಗುಟ್ಟು ಗೊತ್ತಿದ್ದೂ ಪುಟ್ಟಿ “ಅಯ್ಯೋ!” ಎಂದು ನನ್ನ ತೋಳು ಹಿಡಿದುಕೊಂಡಳು.

ಸಂಜೆ ಅವಳು ನನ್ನನ್ನು ಚಹಾ ಲೋಟದೊಂದಿಗೆ ಸ್ಟೂಲಿನ ಮೇಲೆ ಕೂರಿಸಿ ಲೈಟು ಆರಿಸಿದಳು. ಚಮಚ ತೇಲುತ್ತ ಬಂತು, ಲೋಟದ ಮೇಲೆ ನಿಂತು ನಡುಗಿತು, ಮೆಲ್ಲಗೆ ಚಹಾಕ್ಕೆ ಇಳಿಯಿತು.

“ಯಾರದು?” ಎಂದೆ.

ಉತ್ತರವಿಲ್ಲ. ಬೀರುವಿನ ಹಿಂದೆ ಬಳೆಗಳ ಸದ್ದು.