ಸೋತು ಗೆದ್ದ ಸ್ಲಿಮ್

1891ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ವಿಲಿಯಂ ಸ್ಲಿಮ್ ಮೊದಲು ಶಾಲಾ ಮೇಷ್ಟರು, ಆಮೇಲೆ ಗುಮಾಸ್ತ. 1914ರ ಮಹಾಯುದ್ಧ ಅವರನ್ನು ಸೇನಾಧಿಕಾರಿಯನ್ನಾಗಿಸಿತು. ಮುಂದೆ ಭಾರತೀಯ ಸೇನೆಯ ಗೂರ್ಖಾ ಪಡೆ ಸೇರಿದರು. ಸಂಬಳ ಸಾಲದೆ ಬೇರೆ ಹೆಸರಿನಲ್ಲಿ ಕತೆ ಬರೆದು ಮಾರುತ್ತಿದ್ದರು!

1942ರಲ್ಲಿ ಜಪಾನೀಯರ ಹೊಡೆತಕ್ಕೆ ಬರ್ಮಾದಿಂದ ಸುಮಾರು 900 ಮೈಲಿ ಹಿಮ್ಮೆಟ್ಟಿದ ದಂಡಿನ ನಾಯಕ ಇವರೇ. ಬೇರೆಯವರಾಗಿದ್ದರೆ ನೌಕರಿ ಅಲ್ಲಿಗೇ ಮುಗಿಯುತ್ತಿತ್ತೇನೋ. ಸ್ಲಿಮ್ ಮಾತ್ರ ಸೋಲಿನಿಂದಲೇ ಪಾಠ ಕಲಿತರು. ಸೈನಿಕರಿಗೆ ತಪ್ಪದೆ ಮಲೇರಿಯಾ ಮಾತ್ರೆ ನುಂಗಿಸಿದರು. ಶತ್ರು ಸುತ್ತುವರಿದರೂ ಜಾಗ ಬಿಡಬೇಡಿ, ಆಹಾರ ವಿಮಾನದಲ್ಲಿ ಬರುತ್ತದೆ ಎಂದರು. 1944ರಲ್ಲಿ ಇಂಫಾಲ, ಕೊಹಿಮಾ ಉಳಿದವು. 1945ರ ಮೇನಲ್ಲಿ ರಂಗೂನ್ ಕೈಸೇರಿತು.

ಅವರ 14ನೇ ಸೇನೆಯಲ್ಲಿ ಬಹುಪಾಲು ಭಾರತೀಯರು. ಇಂಫಾಲದಲ್ಲಿ ಜಪಾನೀಯರ ಜತೆ ನಿಂತಿದ್ದ ನೇತಾಜಿಯ ಸೈನಿಕರೂ ಭಾರತೀಯರೇ. ಈ ಸಂಕಟವನ್ನು ನಾವು ಇನ್ನೂ ಸರಿಯಾಗಿ ಮಾತನಾಡಿಲ್ಲ.

1948ರಲ್ಲಿ ಸ್ಲಿಮ್ ಬ್ರಿಟಿಷ್ ಸೇನೆಯ ಮುಖ್ಯಸ್ಥರಾದರು. ಭಾರತೀಯ ಸೇನೆಯಿಂದ ಆ ಪದವಿಗೇರಿದವರಲ್ಲಿ ಅವರೇ ಮೊದಲಿಗರು. ಅಷ್ಟರಲ್ಲಿ ಭಾರತ ಸ್ವತಂತ್ರವಾಗಿತ್ತು.